ದೇಶಗಳ ಸಂಸ್ಕೃತಿ ಬೇರೆಯಾದರೆ ವ್ಯಾಪಾರಕ್ಕೆ ನಿಜವಾಗಿಯೂ ತೊಡಕಾಗುತ್ತದೆಯೇ, ಅಥವಾ ಅದು ಬರೀ ಪಠ್ಯಪುಸ್ತಕದ ಮಾತೇ?

ತೊಡಕಾಗುತ್ತದೆ. ಎಂಬಿಎ ಎರಡನೆಯ ವರ್ಷದಲ್ಲಿದ್ದೇನೆ ಎಂದಿದ್ದೀರಿ. ಜಪಾನಿನವರಿಗೆ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಬೇಕು, ಅಮೆರಿಕದವರ ಕೈಯನ್ನು ಗಟ್ಟಿಯಾಗಿ ಕುಲುಕಬೇಕು ಎಂದೆಲ್ಲ ಕ್ಲಾಸಿನಲ್ಲಿ ಹೇಳಿಕೊಟ್ಟರು ಎಂದೂ ಬರೆದಿದ್ದೀರಿ. ಇಂಥವುಗಳಿಂದ ವ್ಯಾಪಾರ ಕೆಟ್ಟದ್ದನ್ನು ನಾನು ಕಂಡಿಲ್ಲ. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ನಡವಳಿಕೆಗಳು ಅವು; ತಪ್ಪಿದರೆ ಎದುರಿನವರು ನಕ್ಕು ಸುಮ್ಮನಾಗುತ್ತಾರೆ. ಸಂಬಂಧ ಹದಗೆಡುವುದು ಕೆಟ್ಟ ಸುದ್ದಿಯನ್ನು ಯಾರು, ಯಾವಾಗ, ಯಾರ ಮೂಲಕ ಹೇಳಬೇಕು ಎಂಬಲ್ಲಿ.

ದಾವಣಗೆರೆಯಲ್ಲಿ ಮಿಡಿಸೌತೆ (ವಿನೆಗರಿನಲ್ಲಿ ಉಪ್ಪಿನಕಾಯಿ ಹಾಕುವ ಎಳೆಯ ಸಣ್ಣ ಸೌತೆ, ಗರ್ಕಿನ್) ರಫ್ತು ಮಾಡುವ ಒಂದು ಕಂಪನಿಯಲ್ಲಿ ವಿದೇಶಿ ಗ್ರಾಹಕರೊಂದಿಗಿನ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಈ ಬೆಳೆಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾದ ಇದರ ಬೇಸಾಯ ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೂ ಹಬ್ಬಿತು. 2020–21ರಲ್ಲಿ ಭಾರತದಿಂದ 2.23 ಲಕ್ಷ ಟನ್ ಸೌತೆ ಮತ್ತು ಮಿಡಿಸೌತೆ ಹೊರದೇಶಗಳಿಗೆ ಹೋಗಿದೆ. ಕಂಪನಿಯೇ ಬೀಜ, ಗೊಬ್ಬರ, ಔಷಧಿ ಕೊಟ್ಟು, ಮೊದಲೇ ದರ ಗೊತ್ತುಮಾಡಿ ರೈತರಿಂದ ಬೆಳೆಸುತ್ತದೆ. ಒಂದು ಕಿಲೋಗೆ ಎಷ್ಟು ಕಾಯಿ ತೂಗುತ್ತವೆ ಎಂಬುದರ ಮೇಲೆ ದರ್ಜೆ: 160ಕ್ಕಿಂತ ಹೆಚ್ಚು ತೂಗುವ ಎಳೆಯದಕ್ಕೆ ಮೇಲಿನ ದರ, 30ರಿಂದ 60 ತೂಗುವ ದಪ್ಪನೆಯದಕ್ಕೆ ಕೆಳಗಿನ ದರ. ಒಂದು ದಿನ ಕೊಯ್ಯದೆ ಬಿಟ್ಟರೆ ಕಾಯಿ ಬಲಿತು ದರ್ಜೆ ಇಳಿಯುತ್ತದೆ. ಬೆಳೆಯುವ ರೈತ ಮಾತ್ರ ಇದನ್ನು ಬಾಯಿಗಿಡುವುದಿಲ್ಲ. ಖಾರವೇ ಇಲ್ಲದ್ದು ಅದೆಂಥ ಉಪ್ಪಿನಕಾಯಿ ಎಂದು ನನ್ನ ತಾಯಿಯೂ ಕೇಳುತ್ತಾರೆ, ನನ್ನಲ್ಲಿ ಉತ್ತರವಿಲ್ಲ.

ಒಂದು ಮುಂಗಾರಿನಲ್ಲಿ ಹರಿಹರ, ಹೊನ್ನಾಳಿ ಕಡೆ ಮಳೆ ಬಿಡದೆ ಹಿಡಿಯಿತು. ಬಳ್ಳಿಗೆ ಬೂಜು ರೋಗ ತಗುಲಿತು. ಕಂಟೇನರ್ ಹೊರಡುವುದು ತಡವಾಗುತ್ತದೆ ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಜರ್ಮನಿಯ ಖರೀದಿದಾರರಿಗೆ ಇವತ್ತೇ ಬರೆದುಬಿಡಲೇ ಎಂದು ನಮ್ಮ ಸಾಹುಕಾರರನ್ನು ಕೇಳಿದೆ. "ಈಗಲೇ ಯಾಕೆ ಕೆಟ್ಟದ್ದು ನುಡಿಯುತ್ತೀರಿ? ನಾಳೆ ಮಳೆ ನಿಲ್ಲಬಹುದು. ಹೇಗೋ ಸರಿದೂಗಿಸೋಣ" ಎಂದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಮಂಡಿಪೇಟೆಯ ಅಂಗಡಿಯಲ್ಲಿ ವ್ಯಾಪಾರ ಕಲಿತವರಿಗೆ ಗ್ರಾಹಕನನ್ನು ಮುಂಚಿತವಾಗಿ ಹೆದರಿಸುವುದು ಅಮರ್ಯಾದೆ. ಕೊನೆಯ ಘಳಿಗೆಯಲ್ಲಿ ಹಗಲಿರುಳು ದುಡಿದಾದರೂ ಮಾತು ಉಳಿಸಿಕೊಳ್ಳುವುದು ಮರ್ಯಾದೆ. ಜರ್ಮನಿಯವರ ಲೆಕ್ಕ ಬೇರೆ. ಅವರ ಕಾರ್ಖಾನೆಯಲ್ಲಿ ಯಾವ ದಿನ ಯಾವ ಸರಕನ್ನು ಬಾಟಲಿಗೆ ತುಂಬಬೇಕು ಎಂಬುದು ವಾರಗಳ ಮುಂಚೆಯೇ ನಿಗದಿಯಾಗಿರುತ್ತದೆ. ಮೂರು ವಾರ ಮೊದಲು ತಿಳಿಸಿದರೆ ಬೇರೆ ಸರಕು ಹಾಕಿಕೊಳ್ಳುತ್ತಾರೆ. ಹಡಗು ಹೊರಡುವ ಹಿಂದಿನ ದಿನ ತಿಳಿಸಿದರೆ ನಾವು ಅವರ ಕಣ್ಣಿಗೆ ಮೋಸಗಾರರು. ಕೊನೆಗೆ ತಡವಾಗಿಯೇ ಪತ್ರ ಹೋಯಿತು. ಬಂದ ಉತ್ತರದಲ್ಲಿ ಸರಕು ತಡವಾದುದರ ಬಗ್ಗೆ ಒಂದು ಸಾಲು, ಗೊತ್ತಿದ್ದೂ ಹೇಳದೆ ಇದ್ದುದರ ಬಗ್ಗೆ ಒಂದು ಪುಟ.

ಅದೇ ಖರೀದಿದಾರರ ಕಡೆಯಿಂದ ಗುಣಮಟ್ಟ ನೋಡಲು ಒಬ್ಬ ಮಹಿಳೆ ಬಂದಿದ್ದರು. ಗ್ರೇಡಿಂಗ್ ಶೆಡ್ಡಿನಲ್ಲಿ ಒಂದು ಕ್ರೇಟಿನಿಂದ ಕಾಯಿ ಎತ್ತಿ ಹಿಸುಕಿ ನೋಡಿದರು, ಮೆತ್ತಗಿತ್ತು. ಮೇಜಿನ ಮುಂದೆ ನಿಂತು ಕಾಯಿ ವಿಂಗಡಿಸುತ್ತಿದ್ದ ಹೆಂಗಸನ್ನೇ ನೇರವಾಗಿ ಕಾರಣ ಕೇಳಿದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಸೂಪರ್‌ವೈಸರ್ ಮುಖ ನೋಡಿದರು. ಉತ್ತರ ಬಂದದ್ದು ಸೂಪರ್‌ವೈಸರ್ ಬಾಯಿಂದ. ಪರಿಶೀಲಕಿ ಅವರನ್ನು ಕೈಸನ್ನೆಯಲ್ಲೇ ತಡೆದು, ಇವರೇ ಹೇಳಲಿ ಎಂದರು. ನಾನು ಕನ್ನಡದಲ್ಲಿ ಮತ್ತೆ ಕೇಳಿದೆ. "ನಮ್ಮ ಸಾಹೇಬರನ್ನು ಕೇಳಿ ಸರ್" ಎಂದು ಆಕೆ ತಲೆ ತಗ್ಗಿಸಿದರು. ಪರಿಶೀಲಕಿಯ ಟಿಪ್ಪಣಿಯಲ್ಲಿ, ಇಲ್ಲಿ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ದಾಖಲಾಯಿತು. ಆ ಹೆಂಗಸಿಗೆ ಕಾರಣ ಚೆನ್ನಾಗಿಯೇ ಗೊತ್ತಿತ್ತು. ಊಟದ ಹೊತ್ತಿನಲ್ಲಿ ನನಗೆ ಹೇಳಿದರು: "ಆ ಕಾಯಿ ರಾತ್ರಿಯೆಲ್ಲ ಟ್ರ್ಯಾಕ್ಟರಿನಲ್ಲೇ ಇತ್ತು ಸರ್, ಬೆಳಿಗ್ಗೆ ಇಳಿಸುವಾಗಲೇ ಮೆತ್ತಗಾಗಿತ್ತು." ಮೇಲಿನವರ ಎದುರಿಗೆ, ಅದೂ ಹೊರಗಿನವರ ಮುಂದೆ, ಅವರನ್ನು ದಾಟಿ ಮಾತಾಡುವುದು ಅವರಿಂದ ಆಗದ ಕೆಲಸ.

ಆಮೇಲೆ ನಾವು ಕಂಡುಕೊಂಡ ಉಪಾಯ ಬಹಳ ಸರಳ. ಪ್ರತಿ ಮೇಜಿಗೆ ಒಂದಷ್ಟು ಕೆಂಪು ಚೀಟಿ ಕೊಟ್ಟೆವು. ಕಾಯಿ ಸರಿಯಿಲ್ಲ ಎನ್ನಿಸಿದರೆ ಕ್ರೇಟಿಗೆ ಚೀಟಿ ಸಿಕ್ಕಿಸಬೇಕು ಅಷ್ಟೇ. ಹೆಸರು ಬೇಡ, ಮಾತು ಬೇಡ. ಸೂಪರ್‌ವೈಸರ್‌ಗಳು ಮೊದಲು ಮುಖ ಸಿಂಡರಿಸಿದರು, ಆಮೇಲೆ ಒಗ್ಗಿಕೊಂಡರು. ವಾರಕ್ಕೊಮ್ಮೆ ಆ ಚೀಟಿಗಳ ಲೆಕ್ಕವನ್ನು ಖರೀದಿದಾರರಿಗೂ ಕಳಿಸುತ್ತೇವೆ. ದೋಷದ ಪಟ್ಟಿಯನ್ನು ನಾವೇ ಕಳಿಸಿದರೆ ಅವರ ವಿಶ್ವಾಸ ಹೆಚ್ಚುತ್ತದೆ ಎಂಬುದನ್ನು ಸಾಹುಕಾರರು ಈಗಲೂ ಪೂರ್ತಿ ನಂಬಿಲ್ಲ.

ಆ ಹೆಂಗಸಿನ ಮೌನ ನಿಮ್ಮ ಪಠ್ಯದಲ್ಲಿ 'ಅಧಿಕಾರದ ಅಂತರ' ಎಂಬ ಹೆಸರಿನಲ್ಲಿ ಬಂದಿರುತ್ತದೆ: ಮೇಲಿನವರಿಗೆ ಹೆಚ್ಚು ಅಧಿಕಾರ ಇರುವುದನ್ನು ಕೆಳಗಿನವರು ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬುದು. ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಅವರು 1967ರಿಂದ 1973ರವರೆಗೆ ಹಲವು ದೇಶಗಳಲ್ಲಿನ ಐಬಿಎಂ ಎಂಬ ಕಂಪ್ಯೂಟರ್ ಕಂಪನಿಯ ನೌಕರರು ತುಂಬಿಕೊಟ್ಟ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳಿಂದ ಹೊರತೆಗೆದ ಅಳತೆ ಅದು. ಭಾರತಕ್ಕೆ 77, ಜರ್ಮನಿಗೆ 35. ಅನಿಶ್ಚಿತತೆಯನ್ನು ಸಹಿಸದಿರುವ ಅಳತೆಯಲ್ಲಿ ಜರ್ಮನಿ 65, ನಾವು 40. ನಮ್ಮ ಶೆಡ್ಡಿನಲ್ಲಿ ನಡೆದದ್ದಕ್ಕೂ ಮಳೆಯ ಪತ್ರಕ್ಕೂ ಇವು ಹೊಂದುತ್ತವೆ, ಒಪ್ಪುತ್ತೇನೆ. ಆದರೆ ಒಂದೇ ಕಂಪನಿಯ ನೌಕರರನ್ನು ಕೇಳಿ ಇಡೀ ದೇಶದ ಸ್ವಭಾವ ಹೇಳಬಹುದೇ ಎಂದು ವಿದ್ವಾಂಸ ಬ್ರೆಂಡನ್ ಮೆಕ್‌ಸ್ವೀನಿ 2002ರಲ್ಲಿ ಎತ್ತಿದ ಆಕ್ಷೇಪಣೆ ಹಗುರವಾದದ್ದಲ್ಲ. ಅಂದಿನ ಐಬಿಎಂ ನೌಕರನನ್ನೂ ಚಳ್ಳಕೆರೆಯ ಶೇಂಗಾ ವ್ಯಾಪಾರಿಯನ್ನೂ ಒಂದೇ ಅಂಕಿಯಲ್ಲಿ ಕಟ್ಟಿಹಾಕಿದರೆ ಇಬ್ಬರಿಗೂ ಅನ್ಯಾಯ. ಆ ಅಂಕಿಗಳನ್ನು ಎದುರಿಗೆ ಕುಳಿತವರ ಜಾತಕ ಎಂದು ಓದಬೇಡಿ. ನಾನು ವ್ಯವಹರಿಸಿದ ಜರ್ಮನರಲ್ಲಿ ನಮ್ಮ ಸಾಹುಕಾರರಿಗಿಂತ ಹೆಚ್ಚು ಸುತ್ತಿ ಬಳಸಿ ಮಾತಾಡುವವರೂ ಇದ್ದಾರೆ.

ದುಡ್ಡಿನ ಲೆಕ್ಕ ತಪ್ಪಿದ್ದನ್ನು ಸಂಸ್ಕೃತಿಯ ಖಾತೆಗೆ ಬರೆಯುವ ಚಾಳಿಯೂ ಇದೆ. ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಹೋಗಿ 2006ರಲ್ಲಿ ಅಂಗಡಿ ಮುಚ್ಚಿಕೊಂಡು ಬಂದ ಕಥೆ ನಿಮಗೆ ಗೊತ್ತೇ ಇರುತ್ತದೆ: ಗಿರಾಕಿಗಳನ್ನು ನಗುನಗುತ್ತ ಸ್ವಾಗತಿಸುವ ಅಮೆರಿಕದ ಪದ್ಧತಿ ಅಲ್ಲಿಯವರಿಗೆ ಹಿಡಿಸಲಿಲ್ಲ, ಇತ್ಯಾದಿ. ಅದು ನಿಜ. ಆದರೆ ಆಲ್ಡಿ, ಲಿಡ್ಲ್ ಎಂಬ ಜರ್ಮನಿಯದೇ ಅಂಗಡಿ ಸರಣಿಗಳು ಅಲ್ಲಿ ಆಗಲೇ ಅಗ್ಗದ ದರಕ್ಕೆ ಮಾರುತ್ತಿದ್ದವು ಎಂಬುದೂ, ಕೊಂಡ ಬೆಲೆಗಿಂತ ಕಡಿಮೆಗೆ ಕೆಲವು ಸಾಮಾನು ಮಾರುವುದನ್ನು 2000ದಲ್ಲಿ ಸರ್ಕಾರಿ ಪ್ರಾಧಿಕಾರ ತಡೆಯಿತು ಎಂಬುದೂ ಅಷ್ಟೇ ನಿಜ. ಜರ್ಮನಿಯ ಕಾರು ಕಂಪನಿ ಡೈಮ್ಲರ್ ಮತ್ತು ಅಮೆರಿಕದ ಕ್ರೈಸ್ಲರ್ 1998ರಲ್ಲಿ ಒಂದಾದಾಗ ಅದನ್ನು ಸಮಾನರ ವಿಲೀನ ಎಂದು ಸಾರಲಾಯಿತು. ಎರಡೇ ವರ್ಷದಲ್ಲಿ, ಕ್ರೈಸ್ಲರ್ ತಮ್ಮ ಕೈಕೆಳಗಿನ ಒಂದು ವಿಭಾಗವಾಗಬೇಕು ಎಂಬುದೇ ಮೊದಲಿನಿಂದಲೂ ಉದ್ದೇಶವಾಗಿತ್ತು ಎಂಬರ್ಥದಲ್ಲಿ ಡೈಮ್ಲರ್ ಕಡೆಯ ಮುಖ್ಯಸ್ಥ ಯುರ್ಗನ್ ಶ್ರೆಂಪ್ ಪತ್ರಿಕೆಗೆ ಹೇಳಿದರು. 2007ರಲ್ಲಿ ಕ್ರೈಸ್ಲರ್‌ನ ಬಹುಪಾಲನ್ನು ಕಂಪನಿ ಮಾರಿಬಿಟ್ಟಿತು. ಹಾಗೆ ಕೊಟ್ಟ ಮಾತು ತಪ್ಪಿದರೆ ದಾವಣಗೆರೆಯ ಎರಡು ಅಂಗಡಿಗಳ ಪಾಲುದಾರಿಕೆಯೂ ಮುರಿಯುತ್ತದೆ.

ಇನ್ನು ಹಬ್ಬ ಹರಿದಿನ. ದುರ್ಗಾಂಬಿಕಾ ಜಾತ್ರೆ ಬಂದರೆ ಇಲ್ಲಿ ಕೊಯ್ಲಿಗೆ ಆಳು ಸಿಗುವುದಿಲ್ಲ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಅತ್ತ ಯಾರೂ ಪತ್ರಕ್ಕೆ ಉತ್ತರಿಸುವುದಿಲ್ಲ. ಎರಡೂ ಕಡೆಯ ರಜೆ ಪಟ್ಟಿಯನ್ನು ವರ್ಷದ ಮೊದಲಿಗೇ ಒಪ್ಪಂದಕ್ಕೆ ಲಗತ್ತಿಸಿಬಿಡುತ್ತೇವೆ.

ಜರ್ಮನ್ ಕಲಿಯಲೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಕಲಿಯಿರಿ, ನಷ್ಟವಿಲ್ಲ. ಸಮಯ ಕಡಿಮೆಯಿದ್ದರೆ ಮೊದಲು ಲೆಟರ್ ಆಫ್ ಕ್ರೆಡಿಟ್ (ಹಣ ಕೊಡುವ ಬಗ್ಗೆ ಬ್ಯಾಂಕಿನ ಭರವಸೆ ಪತ್ರ), ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೆ ಏರಿದ್ದಕ್ಕೆ ರಸೀದಿ), ತರಕಾರಿಯಲ್ಲಿ ಉಳಿಯುವ ಕೀಟನಾಶಕಕ್ಕೆ ಯುರೋಪು ಇಟ್ಟಿರುವ ಮಿತಿ, ಇಷ್ಟನ್ನು ಸರಿಯಾಗಿ ತಿಳಿದುಕೊಳ್ಳಿ. ರಜೆಯಲ್ಲಿ ಯಾವುದಾದರೂ ರಫ್ತು ಘಟಕಕ್ಕೆ ಇಂಟರ್ನ್‌ಶಿಪ್‌ಗೆ ಹೋದರೆ ಕಚೇರಿಯ ಕುರ್ಚಿ ಬೇಡ, ಸರಕು ಇಳಿಸುವ ಶೆಡ್ಡಿನಲ್ಲಿ ಹಾಕಿ ಎಂದು ಕೇಳಿಕೊಳ್ಳಿ. ಮಿಡಿಸೌತೆ ಘಟಕವಾದರೆ ಹಳೆಯ ಬಟ್ಟೆ ಹಾಕಿಕೊಂಡು ಹೋಗಿ, ವಿನೆಗರ್ ವಾಸನೆ ಬೇಗ ಬಿಡುವುದಿಲ್ಲ.