ಕೊಟ್ಟುಬಿಡುವ ಮೊದಲು ಹುಡುಕಿ ನೋಡಿ

ಪ್ರಶ್ನೆ: ನಾನು ಕನ್ನಡ ಮಾಧ್ಯಮ ಶಾಲೆಯ ನಿವೃತ್ತ ಅಧ್ಯಾಪಿಕೆ. ತೋಟದ ಮನೆ ಬಿಟ್ಟು ಕಾಸರಗೋಡು ಪೇಟೆಯಲ್ಲಿ ಮಗಳ ಎರಡು ಕೋಣೆಯ ಫ್ಲ್ಯಾಟಿಗೆ ಹೋಗಬೇಕಾಗಿದೆ. ಎಂಟುನೂರರಷ್ಟು ಪುಸ್ತಕಗಳಿವೆ. “ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡಮ್ಮ, ಇನ್ನು ಇ-ಪುಸ್ತಕ ಓದು” ಎನ್ನುತ್ತಾಳೆ. ನನಗೆ ಈಗ ಸಣ್ಣ ಅಕ್ಷರ ಕಾಣುವುದೂ ಕಷ್ಟ. ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಟೀಚರೇ, ಬ್ಯಾಂಕಿನ ವರ್ಗಾವಣೆಗಳಿಂದಾಗಿ ನಾನು ಏಳು ಸಲ ಬಿಡಾರ ಎತ್ತಿದವನು. ಮಂಜೇಶ್ವರದಿಂದ ಕಾಞಂಗಾಡಿಗೆ ಹೋದದ್ದು ಆಟಿ ತಿಂಗಳ ಮಳೆಯಲ್ಲಿ. ಲಾರಿಯ ಟಾರ್ಪಾಲು ಸರಿದು ಎರಡು ಪೆಟ್ಟಿಗೆ ಪುಸ್ತಕ ನೆನೆದವು. ಪುಟಗಳು ಹಲಸಿನ ಹಪ್ಪಳದ ಹಿಟ್ಟಿನಂತೆ ಮುದ್ದೆಯಾಗಿದ್ದವು. ಮೆಲ್ಲನೆ ಬಿಡಿಸಿದರೆ ಒಂದು ಪುಟದ ಅಕ್ಷರ ಎದುರು ಪುಟದ ಮೇಲೆ ತಿರುಗುಮುರುಗಾಗಿ ಮೂಡಿತ್ತು. ಆ ಮೇಲೆಯೇ ನಾನು ಇ-ಪುಸ್ತಕ ಹಿಡಿದದ್ದು. ಬಿಡುವ ಮನಸ್ಸು ಬಂದಿಲ್ಲ.

ನಿಮ್ಮ ಕಣ್ಣಿಗೂ ಅದೇ ಹಿತ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿದರೂ ಸಾಲು ಪರದೆಯ ಅಗಲಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಇದು ‘ಇ-ಪಬ್’ ಎಂಬ ರೂಪದಲ್ಲಿ ಬರುವ ಇ-ಪುಸ್ತಕಗಳ ಗುಣ. ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಪುಟವೇ ಹಿಗ್ಗುವುದರಿಂದ ಪ್ರತಿ ಸಾಲಿಗೂ ಅತ್ತಿಂದಿತ್ತ ಎಳೆಯಬೇಕು. ಮಾದರಿ ಪುಟ ತೆರೆದು ನೋಡದೆ ಹಣ ಕೊಡಬೇಡಿ.

ಆದರೆ ಮಗಳು ಹೇಳುವ ‘ಎಲ್ಲವನ್ನೂ’ ಎಂಬ ಮಾತನ್ನು ನಾನು ಒಪ್ಪಲಾರೆ. 2016ರ ಡಿಸೆಂಬರಿನಲ್ಲಿ ಅಮೆಜಾನಿನ ಇ-ಪುಸ್ತಕ ಮಳಿಗೆ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಇಂದು ಕನ್ನಡ ಇ-ಪುಸ್ತಕ ಮಾರುವ ಮೈಲ್ಯಾಂಗ್ ಇದೆ, ಗೂಗಲ್ ಪ್ಲೇ ಬುಕ್ಸ್ ಇದೆ. ಹೆಸರಾಂತ ಲೇಖಕರ ಎಷ್ಟೋ ಕೃತಿಗಳು ಅಲ್ಲಿ ಸಿಗುತ್ತವೆ. ನಮ್ಮೂರಿನ ಸಣ್ಣ ಮುದ್ರಣಾಲಯದಲ್ಲಿ ಕೆಲವೇ ನೂರು ಪ್ರತಿ ಅಚ್ಚಾದ ಕವನ ಸಂಕಲನ, ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಇಂಥವನ್ನು ಅಲ್ಲಿ ಹುಡುಕಿ ನಾನು ಬರಿಗೈಯಲ್ಲೇ ಮರಳಿದ್ದೇನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆಮೇಲೂ ಇಲ್ಲಿ ಕನ್ನಡದಲ್ಲೇ ಕಲಿತು, ಕಲಿಸಿದ ನಿಮ್ಮಂಥವರ ಹೆಸರು, ಫೋಟೊ ಇರುವುದು ಆ ಸಂಚಿಕೆಗಳಲ್ಲಿ. ಅವನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.

ಹಾಗಾಗಿ ಒಂದೊಂದೇ ಪುಸ್ತಕ ಕೈಗೆತ್ತಿಕೊಂಡು ಮೊಬೈಲಿನಲ್ಲಿ ಹೆಸರು ಹುಡುಕಿ. ಇ-ಪುಸ್ತಕ ಸಿಕ್ಕಿದರೆ ಕಾಗದದ ಪ್ರತಿ ಊರಿನ ವಾಚನಾಲಯಕ್ಕೆ ಹೋಗಲಿ. ಇ-ಪುಸ್ತಕವಾಗಿ ಸಿಗದ ಹಳೆಯ ಕೃತಿಗಳಿಗೂ ದಾರಿಯಿದೆ. ಕವಿ ಮಂಜೇಶ್ವರ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ನಮ್ಮ ಕಾಯಿದೆಯಂತೆ ಲೇಖಕರು ತೀರಿಕೊಂಡ 60 ವರ್ಷಗಳ ಮೇಲೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಅವರ ಬದುಕಿನಲ್ಲೇ ಪ್ರಕಟವಾದ ಕೃತಿಗಳನ್ನು 2024ರ ಜನವರಿಯಿಂದ ಯಾರು ಬೇಕಾದರೂ ಗಣಕಕ್ಕೇರಿಸಿ ಹಂಚಬಹುದು. ಹಳೆಯ ಪ್ರತಿ ನಿಮ್ಮಲ್ಲಿದ್ದರೆ ಚಾವಡಿಯ ಬೆಳಕಿನಲ್ಲಿ ಪುಟಪುಟವಾಗಿ ಫೋಟೊ ತೆಗೆದಿಡಿ.

ಇನ್ನೊಂದು ಮಾತು. ಇ-ಪುಸ್ತಕ ಕೊಂಡರೂ ಸಾಮಾನ್ಯವಾಗಿ ಸಿಗುವುದು ಓದುವ ಪರವಾನಗಿ ಮಾತ್ರ. ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು 2019ರಲ್ಲಿ ಮುಚ್ಚಿದಾಗ ಹಣ ಮರಳಿ ಬಂತು, ಪುಸ್ತಕ ಉಳಿಯಲಿಲ್ಲ. ನೀವು ಪಾಠಕ್ಕೆಂದು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡ ಪುಸ್ತಕಗಳಿರುತ್ತವಲ್ಲ, ಅವಕ್ಕೆ ಫ್ಲ್ಯಾಟಿನಲ್ಲಿ ಒಂದು ಕಪಾಟು ಬೇಕೆಂದು ಮಗಳಿಗೆ ಈಗಲೇ ಹೇಳಿಬಿಡಿ. ಸಾಮಾನು ಸಾಗಿಸುವುದನ್ನು ಮಾತ್ರ ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ.