4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್‌ಗೆ ಯಾವ ಬ್ರೌಸರ್ ಹಾಕಲಿ?

ನೀವು ಕೇಳಿದ್ದು ಇದು: ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಕಾಂಪಿಟೇಟಿವ್ ಪರೀಕ್ಷೆಗೆ ಓದುತ್ತಿದ್ದೀರಿ. ಅಣ್ಣನ ಹಳೆಯ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್, ವಿಂಡೋಸ್ 10. ಹತ್ತು ಟ್ಯಾಬ್ ತೆರೆದರೆ ಕ್ರೋಮ್ ಏದುಸಿರು ಬಿಡುತ್ತದೆ. ಒಬ್ಬ ಗೆಳೆಯ ಫೈರ್‌ಫಾಕ್ಸ್ ಹಾಕು ಅನ್ನುತ್ತಾನೆ, ಇನ್ನೊಬ್ಬ ಬ್ರೇವ್ ಅನ್ನುತ್ತಾನೆ. ಸೌಲಭ್ಯ, ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಹೊರಗಿನಿಂದ ಸೇರಿಸುವ ಸಣ್ಣ ಪ್ರೋಗ್ರಾಂ), ಸೇಫ್ಟಿ ಮೂರನ್ನೂ ನೋಡಿದರೆ ಯಾವುದು ಮೇಲು?

ನಾನೂ ಇದೇ ಊರಿನವನು. ಗಾಂಧಿ ಚೌಕದಿಂದ ಸ್ವಲ್ಪ ಒಳಗೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ, ಆನ್‌ಲೈನ್ ಅರ್ಜಿಯನ್ನೂ ತುಂಬಿಕೊಡುತ್ತೇನೆ. ಮೂರು ಕಂಪ್ಯೂಟರ್, ಮೂರರಲ್ಲೂ ಎರಡೆರಡು ಬ್ರೌಸರ್. ಉತಾರ (ಪಹಣಿ) ತೆಗೆಸಲು ಬರುವ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಂದ ಹಿಡಿದು, ಕೊನೆಯ ದಿನ ರಾತ್ರಿ ಎಂಟಕ್ಕೆ ಅರ್ಜಿ ಹಿಡಿದುಕೊಂಡು ಓಡಿಬರುವ ನಿಮ್ಮಂಥ ಹುಡುಗರವರೆಗೆ ಎಲ್ಲರೂ ಅವುಗಳ ಮುಂದೆಯೇ ಕೂರುತ್ತಾರೆ. ಬ್ರೌಸರ್ ಎಷ್ಟು ಬಗೆಯಲ್ಲಿ ಕೆಡಬಹುದೋ ಅಷ್ಟೂ ಬಗೆ ನೋಡಿದ್ದೇನೆ.

ಮೊದಲು ನಿಮ್ಮ ಗೆಳೆಯರ ಜಗಳ ಬಿಡಿಸೋಣ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ, ಇವೆಲ್ಲಕ್ಕೂ ಹೊರಗಿನ ಬಣ್ಣ ಬೇರೆ, ಒಳಗಿನ ಎಂಜಿನ್ ಒಂದೇ. ಆ ಎಂಜಿನ್ ಇರುವ ಬುನಾದಿಯ ಹೆಸರು ಕ್ರೋಮಿಯಂ, ಅದರ ಹೆಚ್ಚಿನ ಕೆಲಸ ಮಾಡುವುದು ಗೂಗಲ್. ಮೈಕ್ರೋಸಾಫ್ಟ್ ಕೂಡ ತನ್ನ ಸ್ವಂತ ಎಂಜಿನ್ ಕೈಬಿಟ್ಟು, 2020ರ ಜನವರಿಯಲ್ಲಿ ಇದರ ಮೇಲೆಯೇ ಕಟ್ಟಿದ ಎಡ್ಜ್ ತಂದಿತು. ಫೈರ್‌ಫಾಕ್ಸ್ ಮಾತ್ರ ಬೇರೆ ಮನೆಯದು, ಅದರ ಎಂಜಿನ್ ಗೆಕೊ. ಆ್ಯಪಲ್‌ನ ಸಫಾರಿ ವಿಂಡೋಸ್‌ಗೆ ಬರುವುದು 2012ಕ್ಕೇ ನಿಂತಿದೆ, ಅದನ್ನು ಬಿಡಿ. ಹಾಗಾಗಿ ಕ್ರೋಮ್‌ನಿಂದ ಬ್ರೇವ್‌ಗೆ ಹೋದರೆ ಅದೇ ಬಸ್ಸಿನಲ್ಲಿ ಸೀಟು ಬದಲಿಸಿದ ಹಾಗೆ. ಫೈರ್‌ಫಾಕ್ಸ್‌ಗೆ ಹೋದರೆ ಬಸ್ಸೇ ಬದಲಾಯಿತು.

ಇನ್ನು ರ‍್ಯಾಮ್. ಕ್ರೋಮ್ ರ‍್ಯಾಮ್ ತಿನ್ನುತ್ತದೆ ಅಂತ ಎಲ್ಲರೂ ಬೈಯುತ್ತಾರೆ, ಯಾಕೆ ತಿನ್ನುತ್ತದೆ ಅಂತ ಕೇಳುವವರು ಕಡಿಮೆ. ಈಗಿನ ಬ್ರೌಸರ್‌ಗಳು ಒಂದೊಂದು ಸೈಟನ್ನೂ ಒಂದೊಂದು ಬೇರೆ ಕೋಣೆಯಲ್ಲಿ ಕೂರಿಸುತ್ತವೆ. ಒಂದು ಟ್ಯಾಬ್‌ನಲ್ಲಿ ಬ್ಯಾಂಕ್, ಪಕ್ಕದ ಟ್ಯಾಬ್‌ನಲ್ಲಿ ಯಾವುದೋ ಪೋಕರಿ ಸೈಟ್ ಇದ್ದರೆ, ಆ ಪೋಕರಿ ಗೋಡೆ ಹಾರಿ ಬ್ಯಾಂಕಿನೊಳಗೆ ಇಣುಕಬಾರದು ಅಲ್ವಾ? 2018ರಲ್ಲಿ ಪ್ರೊಸೆಸರ್‌ಗಳಲ್ಲೇ ಸ್ಪೆಕ್ಟರ್ ಎಂಬ ದೋಷ ಬಯಲಾದ ಮೇಲೆ ಕ್ರೋಮ್ ಈ ಗೋಡೆಗಳನ್ನು ಎಲ್ಲರಿಗೂ ಹಾಕಿತು. ಫೈರ್‌ಫಾಕ್ಸ್ 2021ರಲ್ಲಿ ಹಾಕಿತು. ಗೋಡೆ ಜಾಸ್ತಿಯಾದರೆ ಜಾಗ ಜಾಸ್ತಿ ಬೇಕು. ನಿಮ್ಮ 4 ಜಿಬಿಯಲ್ಲಿ ವಿಂಡೋಸ್‌ಗೆ ಹೋಗಿ ಉಳಿದ ಚೂರಿನಲ್ಲೇ ಇದೆಲ್ಲ ನಡೆಯಬೇಕು. ಆದ್ದರಿಂದ ಯಾವ ಬ್ರೌಸರ್ ಹಾಕಿದರೂ ಪವಾಡ ಆಗುವುದಿಲ್ಲ. ಕ್ರೋಮ್‌ನಲ್ಲಿ ಮೆಮೊರಿ ಸೇವರ್ ಇದೆ, ಎಡ್ಜ್‌ನಲ್ಲಿ ಸ್ಲೀಪಿಂಗ್ ಟ್ಯಾಬ್ಸ್ ಇದೆ, ಫೈರ್‌ಫಾಕ್ಸ್ ರ‍್ಯಾಮ್ ತೀರಿದಾಗ ಹಳೆಯ ಟ್ಯಾಬ್‌ಗಳನ್ನು ತಾನೇ ಕೆಳಗಿಳಿಸುತ್ತದೆ. ಮೂರೂ ಸುಮ್ಮನಿರುವ ಟ್ಯಾಬ್‌ಗಳ ರ‍್ಯಾಮ್ ಬಿಡಿಸುವ, ಬ್ರೌಸರ್‌ನಲ್ಲೇ ಇರುವ ಸೌಲಭ್ಯಗಳು. ಇದಕ್ಕೆ ಅಂತ ಎಕ್ಸ್‌ಟೆನ್ಷನ್ ಹುಡುಕಬೇಡಿ.

ಯಾಕೆ ಅಂತ ಹೇಳುತ್ತೇನೆ. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದು ಎಕ್ಸ್‌ಟೆನ್ಷನ್ ಇತ್ತು. ಸುಮ್ಮನಿರುವ ಟ್ಯಾಬ್‌ಗಳನ್ನು ಮಲಗಿಸಿ ರ‍್ಯಾಮ್ ಉಳಿಸುವುದೇ ಅದರ ಕೆಲಸ. ನಿಮ್ಮಂಥ ಲ್ಯಾಪ್‌ಟಾಪ್‌ಗೆ ಹೇಳಿ ಮಾಡಿಸಿದ ಹಾಗಿತ್ತು. 20 ಲಕ್ಷಕ್ಕೂ ಜಾಸ್ತಿ ಜನ ಹಾಕಿಕೊಂಡಿದ್ದರು. 2020ರಲ್ಲಿ ಮೂಲ ಡೆವಲಪರ್ ಅದನ್ನು ಬೇರೆಯವರಿಗೆ ಮಾರಿಬಿಟ್ಟ. ಕೊಂಡವರು ಯಾರು ಅಂತ ಬಳಸುವವರಿಗೆ ಗೊತ್ತಿಲ್ಲ. ಎಕ್ಸ್‌ಟೆನ್ಷನ್ ತಾನೇ ಅಪ್‌ಡೇಟ್ ಆಗುತ್ತದೆ, ಯಾರನ್ನೂ ಕೇಳುವುದಿಲ್ಲ. ಆಮೇಲೆ 2021ರ ಫೆಬ್ರವರಿಯಲ್ಲಿ ಇದರಲ್ಲಿ ಮಾಲ್‌ವೇರ್ (ಕೇಡು ಮಾಡುವ ಪ್ರೋಗ್ರಾಂ) ಇದೆ ಅಂತ ಗೂಗಲ್ ಅದನ್ನು ಸ್ಟೋರ್‌ನಿಂದ ತೆಗೆದುಹಾಕಿತು. ಜನ ಹಾಕಿಕೊಂಡಾಗ ಅದು ಒಳ್ಳೆಯದೇ ಆಗಿತ್ತು. ಬಾಡಿಗೆಗೆ ಒಳ್ಳೆಯವರು ಅಂತ ಮನೆ ಕೊಟ್ಟಿರಿ, ಅವರು ಹೇಳದೆ ಕೇಳದೆ ಕೀಲಿ ಇನ್ನೊಬ್ಬರ ಕೈಗೆ ಕೊಟ್ಟು ಹೋದರು, ಅಷ್ಟೇ ಕಥೆ.

ನನ್ನ ಅಂಗಡಿಯದೇ ಒಂದು ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ಒಬ್ಬಳು ಹುಡುಗಿ ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದಳು. "ಅಣ್ಣಾರ, ವೈರಸ್ ಬಂದೈತ್ರಿ. ಐದ್ ಐದ್ ನಿಮಿಷಕ್ಕ ಮೂಲ್ಯಾಗ ಒಂದ್ ಡಬ್ಬಿ ಏಳತೈತಿ, ರೊಕ್ಕಾ ತುಂಬ್ರಿ ಅಂತೈತಿ." ತೆರೆದು ನೋಡಿದೆ. ಬಲಮೂಲೆಯಲ್ಲಿ ಕೆಂಪು ಗುರುತಿನ ಡಬ್ಬಿ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಅಂತ ಇಂಗ್ಲಿಷ್‌ನಲ್ಲಿ. ಅದು ವೈರಸ್ ಆಗಿರಲಿಲ್ಲ. ಯಾವುದೋ ಸೈಟ್ ನೋಟಿಫಿಕೇಶನ್ ಕಳಿಸಲು ಅನುಮತಿ ಕೇಳಿತ್ತು, ಇವಳು ಅಲೋ ಒತ್ತಿದ್ದಳು. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ತೆಗೆಯಲು ಅರ್ಧ ನಿಮಿಷ ಸಾಕಾಯಿತು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಏನು ಹುಡುಕಿದರೂ ಹೆಸರೇ ಕೇಳದ ಒಂದು ಸರ್ಚ್ ಪುಟ ತೆರೆಯುತ್ತಿತ್ತು. ಎಕ್ಸ್‌ಟೆನ್ಷನ್ ಪಟ್ಟಿ ತೆಗೆದರೆ ಆರು ಇದ್ದವು. ಎರಡು ಮಾತ್ರ ತಾನು ಹಾಕಿದ್ದು ಅಂತ ನೆನಪಿತ್ತು ಅವಳಿಗೆ. ಒಂದರ ಹೆಸರಿನಲ್ಲಿ ಪಿಡಿಎಫ್ ಅಂತ ಇತ್ತು. ಅದರ ಅನುಮತಿ ಓದಿ ಹೇಳಿದೆ: ನೀವು ಹೋಗುವ ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಬಹುದು, ಬದಲಿಸಬಹುದು. ಎಲ್ಲ ವೆಬ್‌ಸೈಟ್ ಅಂದರೆ ಮೇಲ್ ಬಂತು, ಬ್ಯಾಂಕ್ ಬಂತು, ಅರ್ಜಿಯಲ್ಲಿ ಬರೆದ ಆಧಾರ್ ನಂಬರ್ ಬಂತು. "ಇದನ್ ಯಾಕ ಹಾಕಿದಿ ಬೇ?" ಅಂದೆ. "ಫೋಟೋ 50 ಕೆಬಿಗೆ ಇಳಸೂದಿತ್ರಿ" ಅಂದಳು.

ನಮ್ಮ ಅರ್ಜಿಗಳ ಈ ಕೆಬಿ ಕಾಟದಿಂದ ಎಷ್ಟು ಕಂಪ್ಯೂಟರ್ ಕೆಟ್ಟಿವೆಯೋ ದೇವರಿಗೇ ಗೊತ್ತು. ಫೋಟೋ ಚಿಕ್ಕದು ಮಾಡಲು ವಿಂಡೋಸ್‌ನ ಪೇಂಟ್ ಸಾಕು. ರೀಸೈಜ್ ಒತ್ತಿ, ಶೇಕಡಾವಾರು ಇಳಿಸಿ, ಜೆಪಿಜಿ ಆಗಿ ಸೇವ್ ಮಾಡಿ. ಪಿಡಿಎಫ್ ತೆರೆಯಲು ಎಲ್ಲ ಬ್ರೌಸರ್‌ಗೂ ಬರುತ್ತದೆ, ಪಿಡಿಎಫ್ ಮಾಡಲು ಪ್ರಿಂಟ್ ಒತ್ತಿ ಪಿಡಿಎಫ್ ಆಗಿ ಉಳಿಸಿದರೆ ಆಯಿತು.

ಹಾಗಂತ ಎಕ್ಸ್‌ಟೆನ್ಷನ್ನೇ ಬೇಡ ಅನ್ನುತ್ತಿಲ್ಲ. ಒಂದೇ ಒಂದು ಹಾಕಿ ಅಂದರೆ ಯುಬ್ಲಾಕ್ ಆರಿಜಿನ್ ಹೇಳುತ್ತೇನೆ. ಜಾಹೀರಾತು ತಡೆಯುತ್ತದೆ, ಪುಟ ಹಗುರಾಗುತ್ತದೆ, ರ‍್ಯಾಮ್ ಉಳಿಯುತ್ತದೆ, ಮೇಲೆ ಹೇಳಿದಂಥ ಮೋಸದ ಡಬ್ಬಿಗಳ ಮೂಲವೂ ಎಷ್ಟೋ ಕಡೆ ಅಲ್ಲೇ ಕಟ್ ಆಗುತ್ತದೆ. ಕ್ರೋಮ್‌ಗೂ ಫೈರ್‌ಫಾಕ್ಸ್‌ಗೂ ನಿಜವಾದ ವ್ಯತ್ಯಾಸ ಬರುವುದು ಇಲ್ಲಿ. ಗೂಗಲ್ ಎಕ್ಸ್‌ಟೆನ್ಷನ್‌ಗಳ ನಿಯಮ ಬದಲಿಸಿತು, ಮ್ಯಾನಿಫೆಸ್ಟ್ ವಿ3 ಅಂತ. ಮೊದಲು ಪುಟ ಹೊರಗಿನಿಂದ ತರಿಸುವ ಒಂದೊಂದನ್ನೂ ಎಕ್ಸ್‌ಟೆನ್ಷನ್ ಬಾಗಿಲಲ್ಲಿ ನಿಲ್ಲಿಸಿ, ನೋಡಿ, ಬೇಡ ಅನ್ನಬಹುದಿತ್ತು. ಈಗ ಯಾರನ್ನು ಬಿಡಬಾರದು ಅಂತ ಮೊದಲೇ ಪಟ್ಟಿ ಬರೆದು ಬ್ರೌಸರ್ ಕೈಗೆ ಕೊಡಬೇಕು, ತಡೆಯುವುದು ಬ್ರೌಸರ್. ಎಕ್ಸ್‌ಟೆನ್ಷನ್ ಎಲ್ಲವನ್ನೂ ಇಣುಕುವುದು ಬೇಡ ಅನ್ನುವುದು ಗೂಗಲ್ ಕೊಟ್ಟ ಕಾರಣ. ಅದರಲ್ಲಿ ಅರ್ಥ ಇಲ್ಲದೆ ಇಲ್ಲ, ಆ ಹುಡುಗಿಯ ಲ್ಯಾಪ್‌ಟಾಪ್ ನೋಡಿದ ಮೇಲೆ ನಾನೂ ಒಪ್ಪುತ್ತೇನೆ. ಆದರೆ ಜಾಹೀರಾತಿನಿಂದ ದುಡಿಯುವ ಕಂಪನಿಯೇ ಜಾಹೀರಾತು ತಡೆಯುವವರ ಕೈ ಕಟ್ಟಿದಾಗ ಜನ ಅನುಮಾನ ಪಟ್ಟಿದ್ದರಲ್ಲಿ ತಪ್ಪೇನಿದೆ? ಹೊಸ ನಿಯಮದಿಂದ ಹಳೆಯ ಯುಬ್ಲಾಕ್ ಆರಿಜಿನ್ 2025ರ ಹೊತ್ತಿಗೆ ಕ್ರೋಮ್‌ನಲ್ಲಿ ನಿಂತೇ ಹೋಯಿತು. ಲೈಟ್ ಅಂತ ಒಂದು ಸಣ್ಣ ಆವೃತ್ತಿ ಸಿಗುತ್ತದೆ, ದಿನದ ಬಳಕೆಗೆ ಪರವಾಗಿಲ್ಲ. ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಯುಬ್ಲಾಕ್ ಆರಿಜಿನ್ ಹಾಗೇ ಓಡುತ್ತದೆ. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ ಓಡುತ್ತದೆ, ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್‌ಗೆ ಜಾಗವೇ ಇಲ್ಲ.

ಬ್ರೇವ್ ಬೇರೆ ದಾರಿ ಹಿಡಿದಿದೆ. ಜಾಹೀರಾತು ತಡೆಯುವುದನ್ನು ಬ್ರೌಸರ್‌ನೊಳಗೇ ಕಟ್ಟಿದೆ, ಹೊರಗಿನ ಎಕ್ಸ್‌ಟೆನ್ಷನ್ ಬೇಡ. ಅದನ್ನು ಶುರು ಮಾಡಿದವರಲ್ಲಿ ಒಬ್ಬರು ಬ್ರೆಂಡನ್ ಐಕ್. 1995ರಲ್ಲಿ ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್ ಬರೆದವರು, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಕಟ್ಟಿದವರಲ್ಲೂ ಒಬ್ಬರು. ಬ್ರೌಸರ್ ಚೆನ್ನಾಗಿದೆ. ಆದರೆ ಹಾಕಿದ ತಕ್ಷಣ ವಾಲೆಟ್, ರಿವಾರ್ಡ್ಸ್, ಅದು ಇದು ಅಂತ ಸಂತೆ ಹಾಕಿಕೊಂಡು ಕೂತಿರುತ್ತದೆ. ಎಲ್ಲ ಆಫ್ ಮಾಡುವ ತಾಳ್ಮೆ ಇದ್ದರೆ ಬಳಸಿ. ಒಪೆರಾದಲ್ಲಿ ಉಚಿತ ವಿಪಿಎನ್ (ಇಂಟರ್ನೆಟ್ ಓಡಾಟವನ್ನು ಮರೆಮಾಡಿ ಬೇರೆ ಕಡೆಯಿಂದ ಕಳಿಸುವ ಸೌಲಭ್ಯ) ಇದೆ ಅಂತ ಕುಣಿಯುವವರಿದ್ದಾರೆ. ಅದು ಆ ಬ್ರೌಸರ್‌ನೊಳಗಿನ ಓಡಾಟಕ್ಕೆ ಮಾತ್ರ ನಡುವೆ ನಿಲ್ಲುವ ದಲ್ಲಾಳಿ (ಪ್ರಾಕ್ಸಿ) ಅಷ್ಟೇ, ಲ್ಯಾಪ್‌ಟಾಪ್‌ನ ಉಳಿದ ಆ್ಯಪ್‌ಗಳಿಗೆ ಅದರ ನೆರಳೂ ತಾಗುವುದಿಲ್ಲ.

ಸೇಫ್ಟಿಯಲ್ಲಿ ಕ್ರೋಮ್ ಮುಂದಿದೆ ಅಂತ ಹೇಳಲೇಬೇಕು. 2023ರಿಂದ ಸೆಕ್ಯುರಿಟಿ ಅಪ್‌ಡೇಟನ್ನು ವಾರಕ್ಕೊಮ್ಮೆ ಕೊಡುತ್ತಿದೆ. ಕ್ರೋಮಿಯಂನಲ್ಲಿ ತೂತು ಮುಚ್ಚಿದರೆ ಎಡ್ಜ್, ಬ್ರೇವ್ ಕೂಡ ಬೇಗ ಅದನ್ನು ತರುತ್ತವೆ. ಫೈರ್‌ಫಾಕ್ಸ್ ಒಂದು ಸೈಟಿನ ಕುಕೀಗಳನ್ನು (ನಿಮ್ಮನ್ನು ಗುರುತಿಡಲು ಸೈಟ್ ಬ್ರೌಸರ್‌ನಲ್ಲಿ ಇಡುವ ಚೀಟಿಗಳು) ಇನ್ನೊಂದು ಸೈಟ್ ನೋಡದ ಹಾಗೆ ಬೇರೆ ಬೇರೆ ಡಬ್ಬಿಯಲ್ಲಿ ಇಡುವುದನ್ನು 2022ರಿಂದ ಎಲ್ಲರಿಗೂ ಆನ್ ಮಾಡಿದೆ, ನಿಮ್ಮ ಬೆನ್ನು ಬೀಳುವ ಜಾಹೀರಾತುಗಳಿಗೆ ಅದು ಮದ್ದು. ಆದರೆ ಬ್ರೌಸರ್ ಎಷ್ಟೇ ಗಟ್ಟಿ ಇದ್ದರೂ ಮೇಲೆ ಬಂದು ಕೂತ ರೀಸ್ಟಾರ್ಟ್ ಗುರುತನ್ನು ವಾರಗಟ್ಟಲೆ ಒತ್ತದೆ ಇದ್ದರೆ ಅಪ್‌ಡೇಟ್ ಬಂದೂ ಬಾರದ ಹಾಗೆ. ನಿಮ್ಮಂಥ ಲ್ಯಾಪ್‌ಟಾಪ್ ತಂದವರದನ್ನೆಲ್ಲ ನಾನು ಮೊದಲು ನೋಡುವುದು ಅದನ್ನೇ. ಇನ್ನೊಂದು, ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ರೌಸರ್ ಹೊಸದಿದ್ದರೂ ಕೆಳಗಿನ ನೆಲ ಹಳೆಯದು ಅನ್ನುವುದು ತಲೆಯಲ್ಲಿರಲಿ.

ಬೀಗದ ಗುರುತು ಇದ್ದರೆ ಅಸಲಿ ಸೈಟ್ ಅಂತ ಇನ್ನೂ ನಂಬುವವರಿದ್ದಾರೆ. ನಕಲಿ ಸೈಟಿಗೂ ಬೀಗ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಆ ಗುರುತನ್ನೇ ತೆಗೆದುಹಾಕಿತು. ವಿಳಾಸದ ಬಾಲ ನೋಡಿ. ಸರ್ಕಾರದ್ದಾದರೆ ಡಾಟ್ ಗವ್ ಡಾಟ್ ಇನ್ ಅಥವಾ ಡಾಟ್ ನಿಕ್ ಡಾಟ್ ಇನ್. ಬ್ಯಾಂಕುಗಳಿಗೆ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಬನ್ನಿ ಅಂತ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಸರ್ಚ್‌ನಲ್ಲಿ ಮೇಲೆ ಬಂದ ಮೊದಲ ಲಿಂಕ್ ಒತ್ತುವುದು ಬಿಡಿ, ಅದು ಕಾಸು ಕೊಟ್ಟು ಹಾಕಿಸಿದ್ದೂ ಆಗಿರಬಹುದು.

ಇನ್‌ಕಾಗ್ನಿಟೋ ಬಗ್ಗೆಯೂ ಒಂದು ಮಾತು. ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಗುರುತು ಉಳಿಸುವುದಿಲ್ಲ, ಅಷ್ಟೇ. ಸೈಟಿನವರಿಗೂ ಇಂಟರ್ನೆಟ್ ಕೊಡುವವರಿಗೂ ನೀವು ಕಾಣುತ್ತೀರಿ. ಆದರೆ ನನ್ನಂಥ ಅಂಗಡಿಗೆ ಬಂದಾಗ ಅಷ್ಟೇ ಬೇಕಾಗಿರುವುದು. ಒಮ್ಮೆ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಬಿಲ್ ಪ್ರಿಂಟ್ ತೆಗೆದು ಮೇಲ್ ತೆರೆದೇ ಬಿಟ್ಟು ಹೋದರು. ಆಮೇಲೆ ಕೂತ ಹುಡುಗ ತನ್ನ ಹಾಲ್ ಟಿಕೆಟ್ ಹುಡುಕುತ್ತ ಅವರ ಲೆಕ್ಕಪತ್ರವನ್ನೆಲ್ಲ ಕೆಳಗೆ ಮೇಲೆ ಓಡಿಸಿದ. ಅವತ್ತಿನಿಂದ ಮೂರೂ ಕಂಪ್ಯೂಟರ್‌ನಲ್ಲಿ ಗಿರಾಕಿಗೆ ಗೆಸ್ಟ್ ವಿಂಡೋ ಮಾತ್ರ ತೆರೆದುಕೊಡುತ್ತೇನೆ. ಮುಚ್ಚಿದ ಕೂಡಲೇ ಲಾಗಿನ್ ಎಲ್ಲ ಹೋಗುತ್ತದೆ.

ಸೌಲಭ್ಯದಲ್ಲಿ ನಿಮಗೆ ಬಹಳ ಉಪಯೋಗ ಆಗುವುದೊಂದು ಎಡ್ಜ್‌ನಲ್ಲಿದೆ, ಯಾರೂ ಹೇಳುವುದಿಲ್ಲ. ಕನ್ನಡ ಪುಟ ತೆರೆದು ರೀಡ್ ಅಲೌಡ್ ಒತ್ತಿ, ಓದಿ ಹೇಳುತ್ತದೆ. ಸಪ್ನಾ, ಗಗನ್ ಅಂತ ಎರಡು ಕನ್ನಡ ದನಿಗಳಿವೆ, ಸಾಕಷ್ಟು ಸಹಜವಾಗಿಯೇ ಓದುತ್ತವೆ. ಅವಕ್ಕೆ ಇಂಟರ್ನೆಟ್ ಬೇಕು. ಕಣ್ಣು ಸೋತಾಗ ಪ್ರಚಲಿತ ವಿದ್ಯಮಾನ ಕೇಳಿಸಿಕೊಂಡು ಮಲಗಬಹುದು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ನೋಟ್ಸ್ ಪಿಡಿಎಫ್ ಕೊಟ್ಟರೆ ಮಾತ್ರ ಮಂತ್ರ ಹೇಳಿದ ಹಾಗೆ ಏನೇನೋ ಒದರುತ್ತದೆ. ಅಲ್ಲಿ ಕನ್ನಡದಂತೆ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ. ಯೂನಿಕೋಡ್‌ನಲ್ಲಿದ್ದರೆ, ಅಂದರೆ ಒಳಗೂ ಕನ್ನಡ ಅಕ್ಷರಗಳೇ ಇದ್ದರೆ, ಸರಿಯಾಗಿ ಓದುತ್ತದೆ.

ಹಾಗಾದರೆ ನೀವು ಏನು ಮಾಡಬೇಕು? ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಎಡ್ಜ್ ವಿಂಡೋಸ್‌ನಲ್ಲಿ ಹೇಗೂ ಇದೆ. ಅದನ್ನು ಬ್ಯಾಂಕ್ ಮತ್ತು ಅರ್ಜಿಗೆ ಮೀಸಲಿಡಿ, ಅದರಲ್ಲಿ ಒಂದೂ ಎಕ್ಸ್‌ಟೆನ್ಷನ್ ಬೇಡ. ಸೈಡ್‌ಬಾರ್, ಸುದ್ದಿ, ಶಾಪಿಂಗ್, ಸ್ಟಾರ್ಟಪ್ ಬೂಸ್ಟ್ ಎಲ್ಲ ಆಫ್ ಮಾಡಿ. ಓದು, ವಿಡಿಯೋ, ಹುಡುಕಾಟ ಎಲ್ಲಕ್ಕೂ ಫೈರ್‌ಫಾಕ್ಸ್ ಹಾಕಿ, ಜೊತೆಗೆ ಯುಬ್ಲಾಕ್ ಆರಿಜಿನ್ ಒಂದೇ. ಕೆಲವು ಅರ್ಜಿ ಸೈಟ್‌ಗಳನ್ನು ಕಟ್ಟುವವರು ಕ್ರೋಮ್‌ನಲ್ಲಿ ಮಾತ್ರ ಪರೀಕ್ಷಿಸಿರುತ್ತಾರೆ, ಫೈರ್‌ಫಾಕ್ಸ್‌ನಲ್ಲಿ ಬಟನ್ ಒತ್ತಿದರೆ ಮಿಸುಕಾಡುವುದಿಲ್ಲ. ಅದಕ್ಕೇ ಅರ್ಜಿ ಎಡ್ಜ್‌ನಲ್ಲಿ ಇರಲಿ ಅಂದದ್ದು. ಪಾಸ್‌ವರ್ಡ್ ಫೈರ್‌ಫಾಕ್ಸ್‌ನಲ್ಲಿ ಉಳಿಸುವುದಾದರೆ ಪ್ರೈಮರಿ ಪಾಸ್‌ವರ್ಡ್ (ಉಳಿಸಿದ್ದನ್ನು ತೆರೆಯಲು ಕೇಳುವ ಒಂದು ಮುಖ್ಯ ಪಾಸ್‌ವರ್ಡ್) ಇಟ್ಟುಕೊಳ್ಳಿ, ರೂಮಿನಲ್ಲಿ ನಾಲ್ಕು ಜನ ಇರುತ್ತೀರಿ ಅಲ್ವಾ. ಮತ್ತೆ ಎರಡೂ ಬ್ರೌಸರ್ ಒಟ್ಟಿಗೆ ತೆರೆದು ಕೂರಬೇಡಿ, 4 ಜಿಬಿ ತಡೆಯುವುದಿಲ್ಲ.

ಇಷ್ಟಾದ ಮೇಲೂ ನಿಧಾನ ಅನ್ನಿಸಿದರೆ ಅದು ಬ್ರೌಸರ್ ಕೆಲಸವಲ್ಲ, ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸುವ ಕೆಲಸ. ಕೆಲವು ಮಾಡೆಲ್‌ಗಳಲ್ಲಿ ಖಾಲಿ ಸ್ಲಾಟ್ ಇರುತ್ತದೆ, ಕೆಲವದರಲ್ಲಿ ರ‍್ಯಾಮ್ ಬೋರ್ಡ್‌ಗೇ ಅಂಟಿರುತ್ತದೆ. ಲ್ಯಾಪ್‌ಟಾಪ್ ಮಗುಚಿ ಹಾಕಿ, ಕೆಳಗಿನ ಸ್ಟಿಕರ್‌ನಲ್ಲಿ ಮಾಡೆಲ್ ನಂಬರ್ ಇರುತ್ತದೆ. ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.