ಟಿವಿ ನಮ್ದು, ಕ್ಯಾಮೆರಾ ನಮ್ದು, ಕೀಲಿ ಯಾರ ಹತ್ರ?

ಪ್ರಶ್ನೆ: ನಮ್ಮನೇಲಿ ತಾಳಮದ್ದಳೆ, ಯಕ್ಷಗಾನದ ಕ್ಯಾಸೆಟ್ಟು ಸುಮಾರು 120 ಇದೆ. ಹೆಚ್ಚಿನವು ನಾನೇ ದೇವಸ್ಥಾನದಲ್ಲಿ ಕೂತು ರೆಕಾರ್ಡ್ ಮಾಡ್ಕೊಂಡಿದ್ದು. ಪುಣೆಯಲ್ಲಿರೋ ಮಗ "ಎಲ್ಲಾ ಕ್ಲೌಡಿಗೆ ಹಾಕು ಅಪ್ಪಾ" ಅಂತಾನೆ. ನಂಗೆ ಅದು ಮನೇಲೇ ಇರ್ಬೇಕು, ಟಿವೀಲಿ ಹಚ್ಚಿ ಕೇಳೋ ಹಾಗಿರ್ಬೇಕು. ಹಳೇ ಲ್ಯಾಪ್‌ಟಾಪ್ ಒಂದಿದೆ. ಆಗೋ ಮಾತಾ?
— ನಿವೃತ್ತ ಮಾಸ್ತರು, ಹೊನ್ನಾವರ

ಉತ್ತರ: ಆಗತ್ತೆ ಮಾಸ್ತರೇ. ಆದ್ರೆ ಕಂಪ್ಯೂಟರ್ ಕೆಲಸ ಆಮೇಲೆ, ಮೊದ್ಲು ಕ್ಯಾಸೆಟ್ಟಿನ ಕೆಲಸ. ನಿಮ್ಮ ಕಡೆ ಮಳೆಗಾಲದ ತೇವಕ್ಕೆ ಟೇಪಿನ ಸುರುಳಿ ಮೇಲೆ ಬೆಳ್ಳಗೆ ಬೂಸ್ಟು ಕೂತಿರತ್ತೆ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಅಂಥವು ಸಿಕ್ರೆ ಬೇರೆ ಡಬ್ಬಿಗೆ ಹಾಕಿ, ಯಾಕಂದ್ರೆ ಅದನ್ನ ಹಚ್ಚಿದ ಟೇಪ್ ರೆಕಾರ್ಡರಿನ ಹೆಡ್ಡಿಗೆ ಮೆತ್ಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟ್ಕೊಳತ್ತೆ. ಉಳಿದವುಗಳ ಬೆನ್ನ ಮೇಲಿರೋ ಎರಡು ಪ್ಲಾಸ್ಟಿಕ್ ಹಲ್ಲು ಮುರಿದುಬಿಡಿ, ಆಗ ಕೈತಪ್ಪಿ ರೆಕಾರ್ಡ್ ಬಟನ್ ಒತ್ತೋಕೇ ಬರಲ್ಲ. ಆಮೇಲೆ ಪೂರ್ತಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಸುತ್ತಿ. ವರ್ಷಗಟ್ಲೆ ಸುಮ್ನೆ ಬಿದ್ದಿದ್ದ ಟೇಪು ಸ್ವಲ್ಪ ಸಡಿಲ ಆಗತ್ತೆ. ಟೇಪಿನ ಹಿಂದೆ ತಗಡಿನ ಮೇಲೆ ಪುಟ್ಟ ಉಣ್ಣೆ ತುಂಡು ಅಂಟಿಸಿರ್ತಾರಲ್ಲ, ಅದು ಉದುರಿ ಹೋಗಿದ್ರೆ ಧ್ವನಿ ಮಂಕಾಗಿ ಬರತ್ತೆ, ಆಗ ಸ್ಕ್ರೂ ಇರೋ ಬೇರೆ ಖಾಲಿ ಕ್ಯಾಸೆಟ್ಟಿನ ಹೊಟ್ಟೆಗೆ ಸುರುಳಿಗಳನ್ನ ದಾಟಿಸ್ಬೇಕು. ತಾಳ್ಮೆಯ ಕೆಲಸ, ಆದ್ರೆ ಕಷ್ಟದ್ದಲ್ಲ.

ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಹೆಡ್‌ಸೆಟ್ಟಿನ ಒಂದೇ ತೂತು ಇರತ್ತೆ, ಟೇಪ್ ರೆಕಾರ್ಡರಿನ ವೈರನ್ನ ನೇರ ಅದಕ್ಕೆ ಚುಚ್ಚಿದ್ರೆ ಸರಿಯಾಗಿ ಬರಲ್ಲ, ಯುಎಸ್‌ಬಿ ಸೌಂಡ್ ಕಾರ್ಡ್ ಅಂತ ಸಿಗತ್ತೆ, ಅದ್ರಲ್ಲಿ ಒಳಗೆ ಬರೋದಕ್ಕೆ ಬೇರೆ ತೂತು ಇರೋದನ್ನ ತಗೊಳ್ಳಿ. ಟೇಪಿನ ವಾಲ್ಯೂಮ್ ತೀರಾ ಕೆಳಗಿಟ್ಟು ಶುರು ಮಾಡಿ, ಚೆಂಡೆ ಏರೋ ಜಾಗದಲ್ಲಿ ಧ್ವನಿ ಒಡೀದೇ ಇರೋ ಹಾಗೆ ಹೊಂದಿಸ್ಕೊಳ್ಳಿ. ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ. ಮೈಕಿನ ಮುಂದೆ ಒಂದೇ ರೆಕಾರ್ಡರ್ ಇಟ್ಟು ಹಿಡಿದಿದ್ದು ಅಂದ್ರೆ ಮೋನೋ, ಅಂದ್ರೆ ಒಂದೇ ಧ್ವನಿಪಥ ಸಾಕು, ಸೆಕೆಂಡಿಗೆ 44100 ಸಲ ಧ್ವನಿ ಅಳೆಯೋ ದರದಲ್ಲಿ 90 ನಿಮಿಷದ ಕ್ಯಾಸೆಟ್ಟು ಸುಮಾರು 475 ಎಂಬಿ, ಫ್ಲಾಕ್ ರೂಪದಲ್ಲಿ ಉಳಿಸಿದ್ರೆ ಹೆಚ್ಚುಕಮ್ಮಿ ಅದರ ಅರ್ಧ, ಧ್ವನಿ ಏನೂ ಕಳೆಯಲ್ಲ. ಲೆಕ್ಕ ಹಾಕಿ, ನಿಮ್ಮ 120 ಕ್ಯಾಸೆಟ್ಟೂ ಒಂದು ಪೆನ್‌ಡ್ರೈವಿನಲ್ಲಿ ಕೂತ್ಬಿಡತ್ತೆ! ಹೋಗೋದು ಸಮಯ ಮಾತ್ರ, 90 ನಿಮಿಷದ್ದಕ್ಕೆ 90 ನಿಮಿಷ ಬೇಕೇ ಬೇಕು. ದಿನಕ್ಕೊಂದು ಅಂದ್ರೆ ನಾಲ್ಕು ತಿಂಗಳು, ಕೇಳ್ತಾ ಕೇಳ್ತಾ ಮಾಡಿದ್ರೆ ಅದೇನು ಶಿಕ್ಷೆ ಅಲ್ಲ ಬಿಡಿ. ಫೈಲಿನ ಹೆಸರಲ್ಲೇ ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ಇಸವಿ ಬರೀರಿ. ಯಾರ ಅರ್ಥ ಯಾವುದು ಅಂತ ಧ್ವನಿ ಕೇಳಿ ಹೇಳೋರು ನಿಮ್ಮನೇಲಿ ನೀವೊಬ್ರೇ ಇರ್ಬಹುದು, ಈ ಕೆಲಸ ಮಗನಿಂದಲೂ ಆಗಲ್ಲ, ಕ್ಲೌಡಿನಿಂದಲೂ ಆಗಲ್ಲ.

ಟಿವಿಗೆ ತರೋಕೆ ಆ ಹಳೇ ಲ್ಯಾಪ್‌ಟಾಪಿಗೆ ಜೆಲ್ಲಿಫಿನ್ ಹಾಕ್ಸಿ, ಅದರಲ್ಲಿರೋ ಧ್ವನಿ, ವಿಡಿಯೋ ಫೈಲುಗಳನ್ನ ಮನೆ ಟಿವಿಗೆ ಕಳಿಸೋ ಸಾಫ್ಟ್‌ವೇರ್ ಅದು. 2018ರ ಕೊನೆಯಲ್ಲಿ ಎಂಬಿ (Emby) ಅನ್ನೋ ಇಂಥದ್ದೇ ಸಾಫ್ಟ್‌ವೇರಿನವರು ತಮ್ಮ ಕೋಡನ್ನ ಮುಚ್ಕೊಂಡಾಗ, ಅದನ್ನ ಒಪ್ಪದ ಕೆಲವರು ತೆರೆದಿದ್ದ ಹಳೇ ಕೋಡನ್ನೇ ಹಿಡ್ಕೊಂಡು ಬೇರೆಯಾಗಿ ಕಟ್ಟಿದ್ದು ಇದು. ಕಂಪ್ನಿ ಖಾತೆ ಬೇಡ, ಚಂದಾ ಬೇಡ, ಇಂಟರ್ನೆಟ್ ಹೋದ್ರೂ ಮನೆ ವೈಫೈ ಒಳಗೆ ನಡೀತಿರತ್ತೆ, ಆಂಡ್ರಾಯ್ಡ್ ಟಿವಿಗೆ ಆ್ಯಪ್ ಇದೆ. ಲ್ಯಾಪ್‌ಟಾಪಿನ ಬ್ಯಾಟರಿಗೆ ಇನ್ನೂ ಜೀವ ಇದ್ರೆ ಕರೆಂಟ್ ಹೋದಾಗ ಅದೇ ಯುಪಿಎಸ್.

ಆದ್ರೆ ಮಾಸ್ತರೇ, ಮನೇಲಿ ಒಂದೇ ಪ್ರತಿ ಇಟ್ಕೊಂಡು "ನಂದು ನನ್ನ ಹತ್ರ ಇದೆ" ಅನ್ನೋದು ನಂಗೆ ಒಪ್ಪಿಗೆ ಇಲ್ಲ. ಒಂದು ಜೋರು ಸಿಡಿಲು ಸಾಕು. ಎರಡು ಹಾರ್ಡ್ ಡಿಸ್ಕ್ ತಗೊಳ್ಳಿ, ಒಂದು ಪ್ಲಗ್ಗಿಂದ ಕಿತ್ತು ಕಪಾಟಿನಲ್ಲಿರ್ಲಿ, ಇನ್ನೊಂದು ಪುಣೆಗೆ ಹೋಗ್ಲಿ, ಮಗ ಹಬ್ಬಕ್ಕೆ ಬಂದಾಗ ಅದಲುಬದಲು ಮಾಡ್ಕೊಳ್ಳಿ. ಮಗನ ಮಾತಲ್ಲೂ ಅರ್ಧ ಸತ್ಯ ಇದೆ, ಮನೆಯಿಂದ ಹೊರಗೂ ಒಂದು ಪ್ರತಿ ಇರ್ಬೇಕು. ಅದು ಕಂಪ್ನಿ ಹತ್ರಾನೇ ಇರ್ಬೇಕು ಅಂತೇನಿಲ್ಲ ಅಷ್ಟೆ. ಮತ್ತೆ ಯೂಟ್ಯೂಬಿಗೆ ಹಾಕೋ ಆಸೆ ಬಂದ್ರೆ ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಿಯೇ ಹಾಕಿ.

ಪ್ರಶ್ನೆ: ನಾವು ಡಿಶ್‌ನಲ್ಲಿ ಏನು ನೋಡ್ತೀವೋ ಅದೇ ಥರದ ಜಾಹೀರಾತು ಆಮೇಲೆ ಕಾಣಿಸತ್ತೆ. ಸ್ಮಾರ್ಟ್ ಟಿವಿ ನಮ್ಮನ್ನ ನೋಡ್ತಿದ್ಯಾ? ನಮ್ಮ ಯಜಮಾನ್ರು "ಮುಚ್ಚಿಡೋಕೆ ನಮ್ಮನೇಲಿ ಏನಿದೆ" ಅಂತ ನಗ್ತಾರೆ.
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಮೇಡಂ, ನಿಮ್ಮನ್ನಲ್ಲ, ತನ್ನ ಪರದೇನ ತಾನೇ ನೋಡ್ಕೊಳ್ತಿರಬಹುದು. ಎಸಿಆರ್ ಅಂತಾರೆ ಅದಕ್ಕೆ. ಪರದೆ ಮೇಲಿರೋ ಚಿತ್ರದ್ದೋ ಧ್ವನಿಯದ್ದೋ ಚೂರು ಗುರುತು ತಗೊಂಡು ಕಂಪ್ನಿ ಸರ್ವರಿನ ಪಟ್ಟಿ ಜೊತೆ ತಾಳೆ ನೋಡೋದು, ಹಾಗಾಗಿ ಡಿಶ್ ಆಗ್ಲಿ ಪೆನ್‌ಡ್ರೈವ್ ಆಗ್ಲಿ ಅದಕ್ಕೇನೂ ವ್ಯತ್ಯಾಸ ಇಲ್ಲ. ನೀವು ಕಂಡ ಜಾಹೀರಾತು ಇದರಿಂದಲೇ ಬಂತು ಅಂತ ನಾನು ಆಣೆ ಹಾಕಲ್ಲ, ಫೋನಿಗೆ ತನ್ನದೇ ನೂರು ದಾರಿ ಇದೆ. ಆದ್ರೆ ಇದು ಗಾಳಿಸುದ್ದಿ ಅಲ್ಲ, ಅಮೆರಿಕದಲ್ಲಿ ವಿಜಿಯೋ ಅನ್ನೋ ಟಿವಿ ಕಂಪ್ನಿ ಜನರಿಗೆ ಸರಿಯಾಗಿ ಹೇಳದೇ 1.1 ಕೋಟಿ ಟಿವಿಗಳಿಂದ ಹೀಗೆ ಮಾಹಿತಿ ಎತ್ತಿದ್ದಕ್ಕೆ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ಕೇಸು ಮುಗಿಸ್ಕೊಳ್ತು.

ನಿಲ್ಲಿಸೋದು ಸುಲಭ, ಹುಡುಕೋದು ಕಷ್ಟ, ಯಾಕಂದ್ರೆ ಇಟ್ಟಿರೋ ಹೆಸರುಗಳು ಹಾಗಿವೆ. ಎಲ್‌ಜಿಯಲ್ಲಿ ಲೈವ್ ಪ್ಲಸ್, ಸ್ಯಾಮ್‌ಸಂಗ್‌ನಲ್ಲಿ ವ್ಯೂಯಿಂಗ್ ಇನ್ಫರ್ಮೇಶನ್ ಸರ್ವಿಸಸ್, ಬೇರೆಯವುಗಳಲ್ಲಿ ಪ್ರೈವೆಸಿ ಮೆನು ಒಳಗೆಲ್ಲೋ ಇರತ್ತೆ. ಸಿಗದೇ ಹೋದ್ರೆ ಟಿವಿನ ಫ್ಯಾಕ್ಟರಿ ರೀಸೆಟ್ ಮಾಡಿ, ಮೊದಲ ಸಲ ಕೇಳೋ ಒಪ್ಪಿಗೆಗಳಲ್ಲಿ ಕಡ್ಡಾಯ ಅಂತಿರೋದನ್ನ ಮಾತ್ರ ಟಿಕ್ ಮಾಡಿ ಮುಂದೆ ಹೋಗಿ. ಅಂಗಡಿಯಿಂದ ಬಂದ ಹುಡುಗ ಗಡಿಬಿಡಿಯಲ್ಲಿ ಎಲ್ಲದಕ್ಕೂ ಓಕೆ ಒತ್ತಿರ್ತಾನೆ, ಅಲ್ಲೇ ನಿಮ್ಮ ಒಪ್ಪಿಗೆ ಆಗಿಹೋಗಿರತ್ತೆ. ಇಂಟರ್ನೆಟ್ಟೇ ಬೇಡ ಅನ್ನೋರು ವೈಫೈ ಮರೆಸಿಬಿಟ್ರೆ ಕೆಲಸವೇ ಮುಗೀತು, ಡಿಶ್ ಅದಿಲ್ದೇನೂ ಬರತ್ತೆ.

ಯಜಮಾನ್ರಿಗೆ ಒಂದು ಮಾತು ಹೇಳಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ರಲ್ಲ, ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವ್ರು, ಅದೂ ಎಂಬತ್ತು ದಾಟಿದ ಮೇಲೆ. ಅವ್ರು ಮುಚ್ಚಿಡೋಕೆ ಏನೋ ಇತ್ತು ಅಂತ ಕೋರ್ಟಿಗೆ ಹೋದವರಲ್ಲ.

ಪ್ರಶ್ನೆ: ಆಫೀಸಿಂದ ಮನೆ ಕ್ಯಾಮೆರಾ ನೋಡ್ಬೇಕು, ಕಂಪ್ನಿ ಕ್ಲೌಡ್ ಬೇಡ ಬ್ರೋ. ಹೊರಗಿಂದ ಕ್ಯಾಮೆರಾಗೆ ದಾರಿ ಆಗ್ಲಿ ಅಂತ ರೂಟರಲ್ಲಿ ಪೋರ್ಟ್ ಫಾರ್ವರ್ಡ್ ಮಾಡ್ದೆ, ಏನೇ ಮಾಡಿದ್ರೂ ಬರ್ತಿಲ್ಲ.
— ಎಂಜಿನಿಯರ್, ಬೆಂಗಳೂರು

ಉತ್ತರ: ಬರದೇ ಇದ್ದಿದ್ದೇ ಒಳ್ಳೇದಾಯ್ತು ಮಾರಾಯ. ರೂಟರಿನಲ್ಲಿ ವ್ಯಾನ್ ಐಪಿ ಅಂತ, ಇಂಟರ್ನೆಟ್ ಕಂಪ್ನಿ ನಿನ್ನ ರೂಟರಿಗೆ ಕೊಟ್ಟ ವಿಳಾಸ, ಇರತ್ತೆ ನೋಡು, ಅದು 100.64ರಿಂದ 100.127ರ ಒಳಗೆ ಶುರುವಾಗಿದ್ರೆ ನೀನು ಸಿಜಿನ್ಯಾಟ್ ಹಿಂದೆ ಇದ್ದೀಯ, ಅಂದ್ರೆ ಒಂದೇ ಹೊರಗಿನ ವಿಳಾಸನ ನಿಮ್ಮ ಏರಿಯಾದ ಎಷ್ಟೋ ಮನೆ ಹಂಚ್ಕೊಂಡಿವೆ, ನಿನ್ನ ರೂಟರಲ್ಲಿ ಬಾಗಿಲು ತೆಗೆದ್ರೂ ಹೊರಗಿನ ಗೇಟು ನಿನ್ನ ಕೈಲಿಲ್ಲ. ಸಿಕ್ಕಿದ್ರೂ ಕ್ಯಾಮೆರಾನ ನೇರ ಇಂಟರ್ನೆಟ್ಟಿಗೆ ತೆರೆದಿಡೋದು ಬೇಡವೇ ಬೇಡ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಹೀಗೆ ತೆರೆದಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ಕಾರ್ಖಾನೆಯವರೇ ಇಟ್ಟಿದ್ದ ಪಾಸ್‌ವರ್ಡ್ ಹಾಕಿ ನುಗ್ಗಿತ್ತು, ಅಕ್ಟೋಬರ್ 21ಕ್ಕೆ ಅವೆಲ್ಲ ಸೇರಿ ವೆಬ್‌ಸೈಟುಗಳ ವಿಳಾಸ ಹುಡುಕಿಕೊಡೋ ಡೈನ್ ಅನ್ನೋ ಕಂಪ್ನಿ ಮೇಲೆ ಮುಗಿಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ತುಂಬಾ ಜನಕ್ಕೆ ಸಿಗದಂಗಾಯ್ತು.

ನೀನು ಮಾಡ್ಬೇಕಾದ್ದು ಉಲ್ಟಾ. ಕ್ಯಾಮೆರಾ ಕೊಳ್ಳೋವಾಗ ಆರ್‌ಟಿಎಸ್‌ಪಿ ಅಥವಾ ಆನ್‌ವಿಫ್ ಅನ್ನೋ ಎಲ್ಲರೂ ಬಳಸೋ ಪದ್ಧತಿ ಇದ್ಯಾ ಅಂತ ನೋಡು, ಇದ್ರೆ ಕಂಪ್ನಿ ಆ್ಯಪ್ ಹಂಗೇ ಬಿಟ್ಟು ಬೇರೆ ಸಾಫ್ಟ್‌ವೇರಲ್ಲೂ ನೋಡ್ಬಹುದು. ಪಾಸ್‌ವರ್ಡ್ ಬದಲಾಯಿಸು, ರೂಟರಿನಲ್ಲಿ ಆ ಕ್ಯಾಮೆರಾಗೆ ಹೊರಗಿನ ಇಂಟರ್ನೆಟ್ ಬ್ಲಾಕ್ ಮಾಡು. ಮನೇಲಿ ಸದಾ ಆನ್ ಇರೋ ಒಂದು ಮಷೀನಿಗೂ ನಿನ್ನ ಫೋನಿಗೂ ಟೇಲ್‌ಸ್ಕೇಲ್ ಹಾಕು, ದೂರದ ಮಷೀನುಗಳನ್ನ ಖಾಸಗಿಯಾಗಿ ಜೋಡಿಸೋ ಸಾಫ್ಟ್‌ವೇರ್ ಅದು. ವೈರ್‌ಗಾರ್ಡ್ ಅನ್ನೋ ಗೂಢಲಿಪಿ ವಿಪಿಎನ್ ಮೇಲೆ ನಡಿಯೋದು, ಎರಡೂ ಕಡೆಯಿಂದ ಹೊರಕ್ಕೆ ಹೋಗಿ ಸೇರ್ಕೊಳ್ಳೋದ್ರಿಂದ ಸಿಜಿನ್ಯಾಟ್ ಅಡ್ಡ ಬರಲ್ಲ. ಯಾವ ಮಷೀನು ಯಾರ ಜೊತೆ ಸೇರ್ಬೇಕು ಅನ್ನೋ ಲೆಕ್ಕ ಆ ಕಂಪ್ನಿ ಹತ್ರ ಇರತ್ತೆ ನಿಜ, ವಿಡಿಯೋ ಮಾತ್ರ ಬೀಗ ಹಾಕ್ಕೊಂಡೇ ಹೋಗತ್ತೆ. ಅಷ್ಟೂ ಇಷ್ಟ ಇಲ್ಲ ಅಂದ್ರೆ ಹೆಡ್‌ಸ್ಕೇಲ್ ಅಂತ ನೀನೇ ನಡೆಸ್ಕೊಳ್ಳೋದು ಇದೆ. ನನ್ನ ಕೇಳಿದ್ರೆ ಮೊದಲ ವರ್ಷಕ್ಕೆ ಅದು ಅತಿ. ಹಾಂ, ಬೆಡ್‌ರೂಮಿಗೆ ಕ್ಯಾಮೆರಾ ಯಾವ ಥರದ್ದೂ ಬೇಡ.

ಪ್ರಶ್ನೆ: ಪೈ-ಹೋಲ್ ಹಾಕಿದ್ರೆ ಯೂಟ್ಯೂಬ್ ಜಾಹೀರಾತು ನಿಲ್ಲತ್ತಾ?
— ವಿದ್ಯಾರ್ಥಿ, ಹಾಸನ

ಉತ್ತರ: ಇಲ್ಲ. ಪೈ-ಹೋಲ್ ಅಂದ್ರೆ ಇಡೀ ಮನೆಯ ನೆಟ್‌ವರ್ಕಿಗೆ ಜಾಹೀರಾತು ತಡೆಯೋ ಸಾಫ್ಟ್‌ವೇರ್, ಅದು ವಿಳಾಸ ನೋಡಿ ತಡೆಯೋದು, ಯೂಟ್ಯೂಬಿನ ವಿಡಿಯೋ, ಜಾಹೀರಾತು ಎರಡೂ ಬರೋದು ಒಂದೇ ವಿಳಾಸದಿಂದ. ಬೇರೆ ಆ್ಯಪ್‌ಗಳ ಕಾಟ, ಟಿವಿ ಸುಮ್‌ಸುಮ್ನೆ ಎಲ್ಲೆಲ್ಲಿಗೋ ಮಾತಾಡೋದು ಗಣನೀಯವಾಗಿ ಕಮ್ಮಿ ಆಗತ್ತೆ, ಅದು ಬರೆದಿಡೋ ಲಾಗ್ ಒಂದ್ಸಲ ನೋಡಿದ್ರೇ ಗೊತ್ತಾಗತ್ತೆ.

ಪ್ರಶ್ನೆ: ನನ್ನ ಗಂಡ ಮನೆ ತುಂಬ ಸ್ಮಾರ್ಟ್ ಬಲ್ಬ್ ಹಾಕಿದ್ದಾರೆ. ಅತ್ತೆ ಗೋಡೆ ಸ್ವಿಚ್ ಆಫ್ ಮಾಡಿದ್ರೆ ಇವ್ರು ಬಯ್ತಾರೆ. ಅವ್ರು ಟೂರಿಗೆ ಹೋದಾಗ ವೈಫೈ ಕೈಕೊಟ್ರೆ ನಾವಿಬ್ರೂ ಕತ್ತಲಲ್ಲಿ.
— ಗೃಹಿಣಿ, ಮೈಸೂರು

ಉತ್ತರ: ಅಕ್ಕಾ, ಅತ್ತೆಯವ್ರದ್ದು ಏನೂ ತಪ್ಪಿಲ್ಲ, ಸ್ವಿಚ್ ಇರೋದೇ ಒತ್ತೋಕೆ. ಬುದ್ಧಿ ಬಲ್ಬಿನಲ್ಲಿದ್ರೆ ಈ ರಗಳೆ ತಪ್ಪಲ್ಲ, ಸ್ವಿಚ್ ಆಫ್ ಮಾಡಿದ್ರೆ ಬಲ್ಬಿಗೆ ಕರೆಂಟೇ ಇಲ್ವಲ್ಲ. ಭಾವನವ್ರಿಗೆ ಹೇಳಿ, ಬುದ್ಧಿನ ಸ್ವಿಚ್‌ಬೋರ್ಡ್ ಹಿಂದೆ ಇಡ್ಲಿ. ಬೆಂಕಿಪೊಟ್ಟಣದಷ್ಟಿರೋ ರಿಲೇ ಮಾಡ್ಯೂಲ್ ಸಿಗತ್ತೆ, ಇದ್ದ ಸ್ವಿಚ್ಚಿನ ವೈರ್ ಅದಕ್ಕೆ ಸೇರಿಸಿದ್ರೆ ವೈಫೈ ಇರ್ಲಿ ಬಿಡ್ಲಿ ಗೋಡೆ ಸ್ವಿಚ್ ಕೆಲಸ ಮಾಡತ್ತೆ, ಆ್ಯಪಿಂದಲೂ ಆಗತ್ತೆ. ಅದಕ್ಕೆ ಬೋರ್ಡಲ್ಲಿ ನ್ಯೂಟ್ರಲ್ ಬೇಕು, ಪ್ಲಗ್ ಪಾಯಿಂಟ್ ಇರೋ ಬೋರ್ಡ್ ಆದ್ರೆ ಅಲ್ಲೇ ಸಿಗತ್ತೆ. ಕಂಪ್ನಿ ಆ್ಯಪ್ ಬದಲು ಮನೆಯ ಕಂಪ್ಯೂಟರಿನಲ್ಲೇ ನಡಿಯೋ ಹೋಮ್ ಅಸಿಸ್ಟೆಂಟ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡ್ರೆ ಕಂಪ್ನಿ ಸರ್ವರ್ ಮುಚ್ಚಿಹೋದ್ರೂ ಮನೆ ನಡೀತಿರತ್ತೆ, ಕೊಳ್ಳೋವಾಗ ಕ್ಲೌಡ್ ಇಲ್ದೆ ನಡಿಯೋ ಮಾಡ್ಯೂಲೇ ತಗೋಬೇಕು.

ಇನ್ನೊಂದು, ರೂಟರ್ ಪಾಸ್‌ವರ್ಡ್, ಕ್ಯಾಮೆರಾ ಪಾಸ್‌ವರ್ಡ್, ಯಾವ ಡಬ್ಬಿ ಯಾವುದಕ್ಕೆ, ಇದೆಲ್ಲ ಒಂದು ನೋಟ್‌ಬುಕ್ಕಲ್ಲಿ ಕೈಬರಹದಲ್ಲಿ ಬರೆಸಿ ಬೀರುವಿನಲ್ಲಿಟ್ಕೊಳ್ಳಿ, ಆ್ಯಪಿನಲ್ಲಿ ನಿಮ್ಮ ಹೆಸರಲ್ಲೂ ಅಡ್ಮಿನ್ ಖಾತೆ ಮಾಡ್ಸಿ. ಕಂಪ್ನಿ ಹಿಡಿತದಿಂದ ಬಿಡಿಸ್ಕೊಂಡು ಮನೆಯ ಒಬ್ಬರ ತಲೆಯೊಳಗೆ ಸಿಕ್ಕಿಹಾಕ್ಕೊಂಡ್ರೆ ಲಾಭ ಏನು? ವೈರಿಂಗ್ ಕೆಲಸ ಮಾತ್ರ ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿ, ಮೇನ್ ಆಫ್ ಮಾಡಿಸಿ. ಫ್ಯಾನಿಗೆ ಬಲ್ಬಿನ ಡಿಮ್ಮರ್ ಮಾಡ್ಯೂಲ್ ಹಾಕೋಕೆ ಬಿಡ್ಬೇಡಿ, ಅದಕ್ಕೆ ಬೇರೇದೇ ಬರತ್ತೆ.